ಹಳೆಯ ಕೋವಿಯ ನಳಿಗೆಯಡಿಯ ಬರಹ

ಕಳೆದ ಶ್ರಾವಣದ ಒಂದು ಭಾನುವಾರ ತುರ್ಭೆಯಲ್ಲಿರುವ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಾವು ಆರೇಳು ಮಂದಿ ಕಲೆತಿದ್ದೆವು. ನಾಡಹಬ್ಬದ ಕಾರ್ಯಕ್ರಮಗಳ ಪಟ್ಟಿ ತಯಾರಾಗಿತ್ತು. ಹೊರಗೆ ಠಾಣೆ-ಬೇಲಾಪುರ ರಸ್ತೆಯ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಕಾಫಿಯ ಲೋಟಗಳು ಬರಿದಾದ ಮೇಲೆ ಮನೆಯ ಯಜಮಾನರು ಒಂದು ಫೋಟೋ ತಂದು ನಮ್ಮ ಮುಂದಿಟ್ಟರು. ಅವರು ಕೊಡಗಿನವರು. ತಂದೆಯವರು ತೀರಿಕೊಂಡು ಆಗಲೇ ವರ್ಷ ತುಂಬಿತ್ತು. ಫೋಟೋದಲ್ಲಿದ್ದದ್ದು ಅವರ ಮನೆಯ ಕೋವಿ: ಒಂದೇ ನಳಿಗೆ, ಹೊರಗೆ ಕಾಣುವ ಕುದುರೆ, ನಡುವಿನಲ್ಲಿ ಮುರಿದು ತೋಟೆ ತುಂಬುವ ಹಳೆಯ ಮಾದರಿ.

"ಇದು ನಮ್ಮ ಅಜ್ಜನ ಕಾಲಕ್ಕಿಂತಲೂ ಹಿಂದಿನ ರೈಫಲ್" ಎಂದರು ಅವರು. "ಅಪ್ಪ ಹೋದಾಗ ವಾಡಿಕೆಯಂತೆ ಹಾರಿಸಬೇಕಾದ ಎರಡು ಗುಂಡುಗಳನ್ನು ನೆರೆಮನೆಯವರ ಕೋವಿಯಿಂದ ಹಾರಿಸಿದರು. ಮನೆಯ ಕೋವಿ ಅಟ್ಟದ ಮೇಲೆ ಗೋಣಿಯೊಳಗೆ ಮೂಕವಾಗಿತ್ತು ಎಂಬ ಕೊರಗು ಅವ್ವನಿಗೆ ಇನ್ನೂ ಹೋಗಿಲ್ಲ. ಈ ಸಲ ಕೈಲ್‌ಪೊಳ್ದ್ ದಿನ ಇದರಿಂದಲೇ ಒಂದು ಗುಂಡು ಹಾರಿಸಬೇಕೆಂದು ಅವರ ಆಸೆ. ಆಮೇಲೆ ಇಲ್ಲಿಗೆ ತಂದು ಈ ಗೋಡೆಗೆ ತೂಗುಹಾಕೋಣವೆಂದಿದ್ದೇನೆ."

ನಮ್ಮಲ್ಲಿ ಹಲವರು ಮೆಚ್ಚಿ ತಲೆದೂಗಿದರು. ಆದರೆ ಅಲ್ಲಿಯೇ ಕುಳಿತಿದ್ದ ಇನ್ನೊಬ್ಬ ಸದಸ್ಯರು ಫೋಟೋವನ್ನು ತಿರುತಿರುಗಿಸಿ ನೋಡಿ, "ನಳಿಗೀ ಅಡಿಗೆ ಏನು ಬರದದ?" ಎಂದು ಕೇಳಿದರು. ಇವರು ತುರ್ಭೆಯ ಎಂ.ಐ.ಡಿ.ಸಿ. ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದವರು. ಊರು ಮುಧೋಳ ತಾಲ್ಲೂಕು. ಯಂತ್ರವೆಂದರೆ ಮೊದಲು ಅದರ ಮೇಲಿನ ಅಚ್ಚು ಓದುವುದು ಅವರ ವೃತ್ತಿಯ ಅಭ್ಯಾಸ. ಈ ಪ್ರಶ್ನೆಗೆ ಉತ್ತರ ಯಾರಿಗೂ ತಿಳಿದಿರಲಿಲ್ಲ. ಒಡೆಯರಿಗೂ ತಿಳಿದಿರಲಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ಹೋದಾಗ ನಮಗೆ ತಿಳಿದುಬಂದ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಕೊಡಗು, ಮಲೆನಾಡು, ದಕ್ಷಿಣ ಕನ್ನಡಗಳಿಂದ ಬಂದ ನಮ್ಮವರ ಎಷ್ಟೋ ಮನೆಗಳಲ್ಲಿ ಇಂಥದೊಂದು ಕೋವಿ ಇರುವುದರಿಂದ ಇದು ಒಬ್ಬರ ಮನೆಯ ಮಾತಷ್ಟೇ ಅಲ್ಲ.

ಮುಧೋಳದ ಮಿತ್ರರು ಆ ದಿನವೇ ಇನ್ನೊಂದು ಮಾತನ್ನೂ ಎತ್ತಿದರು. "ನಮ್ಮ ಕಡೆಯವ್ರ ಕೈಯಾಗಿಂದ ಹತಾರ ಕಸಗೊಂಡ್ರು, ನಿಮ್ಮ ಕಡೆಯವ್ರಿಗೆ ಬಿಟ್ರು. ಯಾಕ್ರೀ?" ಈ ಪ್ರಶ್ನೆ ಸಣ್ಣದಲ್ಲ. 1857ರ ದಂಗೆಯ ಬಿಸಿಯಲ್ಲಿ ಕಂಪನಿ ಸರಕಾರ ಜನರ ಆಯುಧಗಳನ್ನು ನೋಂದಾಯಿಸುವ, ಕಿತ್ತುಕೊಳ್ಳುವ ಕಾನೂನನ್ನು ತಂದಿತು. ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಅನ್ನ, ಆಯುಧವೆಂದರೆ ಮಾನ. ಅವರು ಕೊಡಲೊಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದು ಹಲಗಲಿಯನ್ನು ಸುಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಆ ಕಥೆಯನ್ನು ಲಾವಣಿಯ ರೂಪದಲ್ಲಿ ಉತ್ತರ ಕರ್ನಾಟಕದ ಜನ ಇಂದಿಗೂ ಮರೆತಿಲ್ಲ.

ಇದಾದ ಮೂರೇ ವರ್ಷಕ್ಕೆ ಕೊಡಗಿನಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿದ್ದ ಬ್ರಿಟಿಷರಿಗೆ 1857ರಲ್ಲಿ ಆ ನಾಡು ತೊಂದರೆ ಕೊಟ್ಟಿರಲಿಲ್ಲ. 1861ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಕೊಡಗರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿ, ಅವರನ್ನು ನಿರಾಯುಧೀಕರಣದ ಕಾನೂನಿನಿಂದ ಹೊರಗಿಟ್ಟು ಪ್ರಕಟಣೆ ಹೊರಡಿಸಿದನು. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿಗೆ ಕಾರಣನಾದವನು ಇವನೇ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಏಪ್ರಿಲ್‌ನಲ್ಲಿ, ಸ್ವದೇಶಕ್ಕೆ ಮರಳುವ ಹಾದಿಯಲ್ಲಿ ಸೂಯೆಜ್‌ನಲ್ಲಿ ಅವನು ತೀರಿಕೊಂಡನು. ಒಂದೇ ಭಾಷೆಯಾಡುವ ನಾಡಿನ ಒಂದು ಮೂಲೆಗೆ ನೇಣು, ಇನ್ನೊಂದು ಮೂಲೆಗೆ ನಂಬಿಕೆ! ಕೊಟ್ಟದ್ದೂ ಕಸಿದದ್ದೂ ಆಳುವವರ ಅನುಕೂಲಕ್ಕೆ ಎಂಬುದನ್ನು ಮರೆಯುವಂತಿಲ್ಲ.

ಮುಂದೆ 1878ರ ಆಯುಧ ಕಾನೂನು ಬಂದಿತು. ಸ್ವತಂತ್ರ ಭಾರತದಲ್ಲಿ 1959ರ ಆಯುಧ ಕಾನೂನು ಬಂದಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದ್ದ ವಿನಾಯಿತಿಯನ್ನು 1963ರ ಅಧಿಸೂಚನೆ ಮುಂದುವರಿಸಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಈ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡಗಿನ ಹೊರಗಿನ ನಮ್ಮವರಿಗಾದರೋ ಬೆಳೆರಕ್ಷಣೆಗಾಗಲಿ ಆತ್ಮರಕ್ಷಣೆಗಾಗಲಿ ಪರವಾನಗಿ ಬೇಕೇ ಬೇಕು. ಬೇಟೆಯ ಮಾತಂತೂ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನೊಂದಿಗೆ ಹಿಂದೆ ಸರಿಯಿತು. ಕೊಡಗಿನಲ್ಲಿ ಕೋವಿ ಇಂದು ಪೂಜೆಗೆ, ಹುಟ್ಟುಸಾವುಗಳ ಸಂಪ್ರದಾಯಕ್ಕೆ, ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೆ ಉಳಿದಿದೆ.

ಇನ್ನು ಈ ಬಗೆಯ ಕೋವಿ ಬಂದದ್ದು ಎಲ್ಲಿಂದ? ಹಲಗಲಿಯ ಕಾಲದ ಬಂದೂಕುಗಳೆಲ್ಲ ಬಾಯಿಯಿಂದ ಮದ್ದು, ಗುಂಡು ತುಂಬಿ ಗಜದಿಂದ ಜಡಿಯುವಂಥವು. ನಳಿಗೆಯನ್ನು ಕೀಲಿನ ಮೇಲೆ ಬಗ್ಗಿಸಿ ಹಿಂದಿನಿಂದ ತೋಟೆ ತುಂಬುವ ಉಪಾಯವನ್ನು ಬಳಕೆಗೆ ತಂದವನು ಪ್ಯಾರಿಸ್ಸಿನ ಕ್ಯಾಸಿಮಿರ್ ಲೆಫೋಶೆ. ಕಾಲ 1830ರ ದಶಕ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅವನ ಕೋವಿಯನ್ನು ಕಂಡ ಇಂಗ್ಲಿಷ್ ಕಮ್ಮಾರರು ಆ ದಾರಿ ಹಿಡಿದರು. 1860ರ ದಶಕದಲ್ಲಿ ತೋಟೆಯ ಹಿಂಬದಿಯ ನಟ್ಟನಡುವೆ ಕೇಪು ಕೂರಿಸುವ ಪದ್ಧತಿ ನೆಲೆಗೊಂಡಿತು. 1875ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಕುದುರೆಯನ್ನು ಒಳಗೇ ಅಡಗಿಸಿದ ಕೋವಿಯನ್ನು ರೂಪಿಸಿದರು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬವನು ಕಾಫಿ ತೋಟ ಹಾಕಿದಂದಿನಿಂದ ಕೊಡಗಿಗೆ ಬಿಳಿಯ ತೋಟದ ದೊರೆಗಳು ಬರತೊಡಗಿದ್ದರು. ಅವರ ಹಿಂದೆ ಅವರ ಕೋವಿಗಳೂ ಬಂದವು.

ಆಗಸ್ಟ್ ಕೊನೆಯ ವಾರ ನಾವು ಮೂವರು, ಅಂದರೆ ಮನೆಯವರು, ಮುಧೋಳದ ಮಿತ್ರರು ಮತ್ತು ಈ ಬರಹಗಾರರು, ಪನವೇಲಿನಲ್ಲಿ ಕೊಂಕಣ ರೈಲು ಹತ್ತಿ ಮಂಗಳೂರಿಗೂ ಅಲ್ಲಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೂ ಹೋದೆವು. ಊರಲ್ಲಿ ತೋಟ ನೋಡಿಕೊಂಡಿರುವ ತಮ್ಮನವರು ಬುದ್ಧಿವಂತರು. ತಂದೆಯವರು ತೀರಿಕೊಂಡಾಗ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳದೆ ಲೈಸೆನ್ಸುಳ್ಳ ಅಂಗಡಿಯಲ್ಲಿ ಠೇವಣಿ ಇಟ್ಟು, ತಮ್ಮ ಹೆಸರಿಗೆ ಕಾಗದಪತ್ರ ಆದ ಮೇಲೆಯೇ ಮರಳಿ ತಂದಿದ್ದರು. ಕಾನೂನು ಹೇಳುವುದೂ ಹೀಗೆಯೇ: ಒಡೆಯ ಸತ್ತ ಮೇಲೆ ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲೋ ಒಪ್ಪಿಸಬೇಕು. "ಅಪ್ಪನದು ತಾನೆ" ಎಂದು ಅಟ್ಟಕ್ಕೇರಿಸಿದರೆ ಅದು ಅಪರಾಧ.

ಕೋವಿಯನ್ನು ಮಡಿಕೇರಿಯ ಒಬ್ಬ ಹಿರಿಯ ಕೋವಿ ಕಮ್ಮಾರರ ಮೇಜಿನ ಮೇಲಿಟ್ಟೆವು. ಅವರು ಮೊದಲು ಮಾಡಿದ ಕೆಲಸ ನಳಿಗೆಯನ್ನು ಬಗ್ಗಿಸಿ, ತೋಟೆ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಂಡದ್ದು. "ಅಟ್ಟದಿಂದ ಇಳಿಸಿದ ಕೋವಿಯಲ್ಲಿ ತೋಟೆ ಇರುತ್ತದೆ ಎಂದೇ ತಿಳಿದುಕೊಳ್ಳಬೇಕು ಸಾರ್" ಎಂದರು. ಆಮೇಲೆ ನಳಿಗೆಯೊಳಗೆ ಬೆಳಕು ಬಿಟ್ಟು ನಮಗೆ ತೋರಿಸಿದರು. ಒಳಗೋಡೆ ಕನ್ನಡಿಯಂತೆ ನುಣುಪು. ಸುರುಳಿಯಾಗಿ ಹೋಗುವ ಗೀರುಗಳಿದ್ದರೆ ಅದು ರೈಫಲ್. ನುಣುಪಾಗಿದ್ದರೆ ಚರೆ ಹೊಡೆಯುವ ಕೋವಿ. ಮೂರು ತಲೆಮಾರು 'ರೈಫಲ್' ಎಂದು ಕರೆದದ್ದು ರೈಫಲ್ ಆಗಿರಲಿಲ್ಲ! ಚರೆಕೋವಿಯ ಅಳತೆಯ ಲೆಕ್ಕವೂ ಸ್ವಾರಸ್ಯವಾದದ್ದು. ಒಂದು ಪೌಂಡ್ ಸೀಸದಿಂದ ನಳಿಗೆಯ ಬಾಯಿಗೆ ಸರಿಯಾಗುವ ಹನ್ನೆರಡು ಉಂಡೆಗಳಾದರೆ ಅದು 12 ಬೋರ್, ಸುಮಾರು 18.5 ಮಿಲಿಮೀಟರ್. ಹದಿನಾರು ಉಂಡೆಗಳಾದರೆ 16 ಬೋರ್. ಆದ್ದರಿಂದ ಸಂಖ್ಯೆ ಏರಿದಂತೆ ಬಾಯಿ ಕಿರಿದಾಗುತ್ತದೆ. ಇದು 12 ಬೋರ್ ಆಗಿತ್ತು.

ನಂತರ ಅವರು ಮುಂಗೈ ಮರವನ್ನು ಕಳಚಿ ನಳಿಗೆಯನ್ನು ಬೇರ್ಪಡಿಸಿ ಅಡಿಮೇಲು ಮಾಡಿದರು. ತುರ್ಭೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಇಂಗ್ಲೆಂಡಿನಲ್ಲಿ ಕೋವಿಯನ್ನು ಮಾರುವ ಮೊದಲು ಅದರಲ್ಲಿ ವಾಡಿಕೆಗಿಂತ ಬಲವಾದ ಮದ್ದು ತುಂಬಿ ಹೊಡೆದು, ತಡೆದುಕೊಂಡರೆ ಮಾತ್ರ ಮುದ್ರೆಯೊತ್ತುವ ಪದ್ಧತಿಯಿದೆ. ಲಂಡನ್ನಿನ ಕೋವಿ ಕಮ್ಮಾರರ ಸಂಘಕ್ಕೆ 1637ರಲ್ಲಿ ಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಶಾಲೆ 1813ರದು. ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ ಕೋವಿಗಳಲ್ಲಿ ಅಂಡಾಕಾರದೊಳಗೆ ಇ, ಎಲ್, ಜಿ ಎಂಬ ಅಕ್ಷರಗಳಿರುತ್ತವೆ. ನಮ್ಮ ಮುಂದಿದ್ದ ನಳಿಗೆಯ ಮೇಲೆ ಬರ್ಮಿಂಗ್‌ಹ್ಯಾಮಿನ ಮುದ್ರೆಗಳೂ, ಅವುಗಳ ಜೊತೆಗೆ 'ನಾಟ್ ಫಾರ್ ಬಾಲ್', ಅಂದರೆ 'ಉಂಡೆಗುಂಡಿಗೆ ತಕ್ಕದ್ದಲ್ಲ', ಎಂಬ ಬರಹವೂ ಇದ್ದವು. ಬಾಯಿಯ ಬಳಿ ಕೊಂಚ ಕಿರಿದಾಗಿಸಿದ ನಳಿಗೆಗಳಿಗೆ ಈ ಎಚ್ಚರಿಕೆಯನ್ನು ಒತ್ತುತ್ತಿದ್ದುದು 1875ರಿಂದ 1887ರವರೆಗೆ. ಹೀಗೆ ಕೋವಿ ತನ್ನ ಜಾತಕವನ್ನು ತಾನೇ ಹೇಳಿತು.

ಇಲ್ಲೊಂದು ಇಕ್ಕಟ್ಟು ಹುಟ್ಟಿತು. ಇದೇ ಕೋವಿಯಿಂದ ಒಂದೇ ಉಂಡೆಗುಂಡಿಗೆ ಹುಲಿ ಬಿದ್ದು, ಮನೆಯ ಹಿರಿಯರೊಬ್ಬರಿಗೆ ನರಿಮಂಗಲ ನಡೆಯಿತೆಂದು ಮನೆಯಲ್ಲಿ ಕಥೆಯಿದೆ. ಹುಲಿ ಕೊಂದ ವೀರನಿಗೆ ಮದುವೆಯಂತೆಯೇ ಮಾಡುವ ಸತ್ಕಾರಕ್ಕೆ ಕೊಡಗಿನಲ್ಲಿ ಆ ಹೆಸರು. ಉಂಡೆಗುಂಡು ಹಾಕಬಾರದ ನಳಿಗೆಯಿಂದ ಹುಲಿ ಬಿದ್ದದ್ದು ಹೇಗೆ? ತಮ್ಮನವರು ಅಣ್ಣನ ಮುಖ ನೋಡಿದರು, ಅಣ್ಣ ನಮ್ಮ ಮುಖ ನೋಡಿದರು. ಹಿರಿಯರ ಆ ಕಥೆಯನ್ನು ನಾವು ಮುಟ್ಟದೆ ಬಿಟ್ಟೆವು.

ಆದರೆ ಮುಟ್ಟದೆ ಬಿಡಲಾಗದ ಸಂಗತಿ ಮದ್ದಿನದು. ಆ ಕಾಲದ ಮದ್ದು ಕರಿಮದ್ದು: ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಹೊಗೆಯಿಲ್ಲದ ನೈಟ್ರೋ ಮದ್ದಿನ ನಡೆ ಬೇರೆ, ಬಲ ಬೇರೆ. ಅಳತೆ ತಪ್ಪಿದರೆ ಹಳೆಯ ನಳಿಗೆ ತಾಳದು. ಹೊಸ ಮದ್ದಿಗೆ ಪರೀಕ್ಷೆಯಾದ ಇಂಗ್ಲಿಷ್ ನಳಿಗೆಗಳ ಮೇಲೆ 1904ರಿಂದೀಚೆಗೆ ಎನ್.ಪಿ. ಎಂಬ ಅಕ್ಷರಗಳಿರುತ್ತವೆ. ಇದರ ಮೇಲೆ ಅವು ಇರಲಿಲ್ಲ. ಅಷ್ಟೇ ಅಲ್ಲ, ಎಣ್ಣೆಬಟ್ಟೆಯಿಂದ ಒರೆಸಿದಾಗ ನಳಿಗೆಯ ಮೈಮೇಲೆ ಹಾವಿನ ಹೊರೆಯಂಥ ಸುರುಳಿ ಚಿತ್ತಾರ ಎದ್ದುಬಂತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬೆಸೆದು ಮಾಡಿದ ಡಮಾಸ್ಕಸ್ ನಳಿಗೆ ಇದು. ನೋಡಲು ಚೆಂದ. ಬೆಸುಗೆಗಳ ನಡುವೆ ಹೊಕ್ಕ ತುಕ್ಕು ಮಾತ್ರ ಹೊರಗೆ ಕಾಣುವುದಿಲ್ಲ.

ಆಗ ತಮ್ಮನವರಿಗೆ ನೆನಪಾಯಿತು. ಗೋಣಿಯಲ್ಲಿ ಕೋವಿಯ ಜೊತೆ ಹಿತ್ತಾಳೆಯ ಬರಿದೋಟೆಗಳ ಒಂದು ಡಬ್ಬಿ ಸಿಕ್ಕಿತ್ತು. ಅದರ ಮುಚ್ಚಳದ ಮೇಲೆ ಮೊಳೆಯಿಂದ ಕೊರೆದು 'ಕರಿಮದ್ದು' ಎಂದು ಬರೆದಿತ್ತು. ಅಜ್ಜನ ಅಕ್ಷರ. ಇದೇನೋ ಹಳೆಯ ಸಾಮಾನು ಎಂದುಕೊಂಡು, ತಮ್ಮ ಜೋಡುನಳಿಗೆ ಕೋವಿಗೆಂದು ತಂದಿದ್ದ ಹೊಸ ತೋಟೆಗಳನ್ನೇ ಇದಕ್ಕೂ ಹಾಕಿ ನೋಡಿದ್ದರಂತೆ. "ಸಲೀಸಾಗಿ ಕೂತಿತು" ಎಂದರು.

ಕಮ್ಮಾರರು ತಲೆಯಾಡಿಸಿದರು. ಅಪಾಯವಿರುವುದೇ ಆ ಸಲೀಸಿನಲ್ಲಿ. ಮುಧೋಳದ ಮಿತ್ರರು ತಮ್ಮ ಚೀಲದಿಂದ ವರ್ನಿಯರ್ ತೆಗೆದು ತೋಟೆ ಕೂರುವ ಕೋಣೆಯ ಉದ್ದವನ್ನು ಅಳೆದರು: ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್. ಹೊಸ ತೋಟೆಯ ಉದ್ದ ಎರಡೂ ಮುಕ್ಕಾಲು ಇಂಚು, 70 ಮಿಲಿಮೀಟರ್. ಆದರೆ ತೋಟೆಯ ಮೇಲೆ ಬರೆದಿರುವ ಉದ್ದ ಅದು ಹಾರಿದ ಮೇಲಿನದು. ತುದಿ ಮಡಚಿರುವ ಹೊಸ ತೋಟೆ ಗಿಡ್ಡವಾಗಿದ್ದು ಹಳೆಯ ಕೋಣೆಯಲ್ಲಿ ಚೆನ್ನಾಗಿಯೇ ಕೂರುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಕಿರಿದಾದ ಕೊರಳಿಗೆ ತುರುಕಿಕೊಳ್ಳುತ್ತದೆ. ಒತ್ತಡ ಒಮ್ಮೆಲೆ ಏರುತ್ತದೆ. ನಳಿಗೆ ಸೀಳಿದರೆ ಸೀಳುವುದು ಎಡಗೈ ಹಿಡಿದಿರುವ ಸ್ಥಳಕ್ಕೆ ಸಮೀಪದಲ್ಲೇ. ತಮ್ಮನವರು ತಮ್ಮ ಎಡಗೈಯನ್ನೊಮ್ಮೆ ನೋಡಿಕೊಂಡರು.

ನಿಜವಾದ ಒಂಟಿ ನಳಿಗೆ ರೈಫಲ್ ಇರುವವರೂ ನಿಶ್ಚಿಂತರಾಗುವಂತಿಲ್ಲ. ಇಂಗ್ಲೆಂಡಿನಲ್ಲಿ ಕಾಗೆಯ ಜಾತಿಯ ರೂಕ್ ಹಕ್ಕಿ ಹೊಡೆಯಲೆಂದು ಮಾಡುತ್ತಿದ್ದ, ಹೀಗೆಯೇ ಮುರಿಯುವ ಸಣ್ಣ ರೂಕ್ ರೈಫಲ್ಲುಗಳುಂಟು; ದೊಡ್ಡ ಬೇಟೆಯ ರೈಫಲ್ಲುಗಳೂ ಉಂಟು. ನಳಿಗೆಯ ಮೇಲಿನ ಸಂಖ್ಯೆಯೊಂದೇ ಸಾಲದು. .450 ಎಂಬ ಒಂದೇ ಸಂಖ್ಯೆಯಲ್ಲಿ ಮೂರೂಕಾಲು ಇಂಚಿನ ಕರಿಮದ್ದಿನ ತೋಟೆಯೊಂದಿತ್ತು. 1898ರಲ್ಲಿ ರಿಗ್ಬಿ ಕಂಪನಿ ಅದೇ ಅಳತೆಯ ತೋಟೆಯಲ್ಲಿ ಹೊಗೆಯಿಲ್ಲದ ಮದ್ದು ತುಂಬಿ ಆನೆ ಬೀಳಿಸುವ ಬಲ ಕೊಟ್ಟಿತು. ಮೊದಲನೆಯದರ ರೈಫಲ್ಲಿಗೆ ಎರಡನೆಯದನ್ನು ಹಾಕಿದರೆ ಕೂರುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಮುದ್ರೆ ಓದಿದ ಮೇಲೆ ಮೈ ನೋಡಬೇಕು. ಮುಂಗೈ ಮರ ಕಳಚಿ ಕುಂದವನ್ನು ಹಿಡಿದು ಅಲುಗಿಸಿದರೆ ನಳಿಗೆ ಲಟಪಟ ಎನ್ನಬಾರದು. ಮುಚ್ಚಿದಾಗ ನಳಿಗೆಗೂ ಹಿಂಬದಿಯ ಗೋಡೆಗೂ ನಡುವೆ ಬೆಳಕು ತೂರಿದರೆ ಆ ಕೋವಿ ಸವೆದಿದೆ. ಅರ್ಧ ಎಳೆದು ನಿಲ್ಲಿಸಿದ ಕುದುರೆ ಟ್ರಿಗರ್ ಒತ್ತಿದರೂ ಬೀಳಬಾರದು. ಬೀಳಿಸಿದ ಮೇಲೆ ತಾನಾಗಿ ಹಿಂದೆ ಸರಿಯದ ಹಳೆಯ ಕುದುರೆಗಳ ಸೂಜಿ ಕೇಪಿನ ಮೇಲೆಯೇ ಕುಳಿತಿರುತ್ತದೆ. ತೋಟೆ ತುಂಬಿ ಹಾಗೆ ಬಿಟ್ಟರೆ ಕೋವಿ ನೆಲಕ್ಕೆ ಬಿದ್ದಾಗಲೇ ಹಾರೀತು. ನಳಿಗೆಯೊಳಗೆ ಉಂಗುರದಂಥ ನೆರಳು ಕಂಡರೆ ಅಲ್ಲಿ ಉಬ್ಬಿದೆ. ಗುಳಿಗುಳಿಯಾಗಿದ್ದರೆ ತುಕ್ಕು ತಿಂದಿದೆ. ಇನ್ನು ಕುಂಬಾರ ಹುಳು! ಮಳೆಗಾಲದಲ್ಲಿ ಅದಕ್ಕೆ ಕೋವಿಯ ಬಾಯಿಯಂಥ ಪ್ರಶಸ್ತ ಸ್ಥಳ ಬೇರೊಂದಿಲ್ಲ. ಅದು ಕಟ್ಟಿದ ಒಂದು ಚಮಚೆ ಮಣ್ಣು ಎಂಥ ಉಕ್ಕಿನ ನಳಿಗೆಯನ್ನೂ ಸೀಳಬಲ್ಲದು. ಕೈಲ್‌ಪೊಳ್ದ್ ಪೂಜೆಯಲ್ಲಿ ಕೋವಿಯ ಬಾಯಿಗೆ ಸಿಕ್ಕಿಸುವ ತೋಕ್‌ಪೂವನ್ನು, ಅಂದರೆ ಅಗ್ನಿಶಿಖೆ ಹೂವನ್ನು, ಗುಂಡು ಹಾರಿಸುವ ಮೊದಲು ತೆಗೆಯಬೇಕೆಂದು ಹಿರಿಯರು ಗದರುತ್ತಿದ್ದುದು ಇದಕ್ಕಾಗಿಯೇ.

ಇವೆಲ್ಲ ಸರಿಯಿರುವ ಕೋವಿಯಾದರೂ ಹೊಡೆಯುವಾಗ ಕೆಲವು ನೇಮಗಳುಂಟು. ಕೋವಿ ಬರಿದಾಗಿದ್ದರೂ ತುಂಬಿದೆಯೆಂದೇ ಭಾವಿಸಬೇಕು. ಬಾಯಿ ಯಾರ ಕಡೆಗೂ ತಿರುಗಬಾರದು. ಗುರಿಯ ಹಿಂದೆ ಮಣ್ಣಿನ ದಿಬ್ಬವಿರಬೇಕು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನ ಹೊರಗಿರಬೇಕು. ತೋಟೆ ಹಾರದಿದ್ದರೆ ತಟ್ಟನೆ ಮುರಿದು ನೋಡದೆ, ಬಾಯಿಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ತಡವಾಗಿ ಹಾರುವುದುಂಟು. ಸದ್ದು ಎಂದಿಗಿಂತ ಮೆಲ್ಲಗೆ ಕೇಳಿಸಿದರೆ ನಳಿಗೆಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ತಿಳಿದು, ಒಳಗೆ ನೋಡದೆ ಇನ್ನೊಂದು ತೋಟೆ ಹಾಕಬಾರದು. ಇನ್ನೊಂದು ಮಾತು: ಸಮಾರಂಭಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಸಜೆಯೋ ಒಂದು ಲಕ್ಷ ರೂಪಾಯಿವರೆಗೆ ದಂಡವೋ ಎರಡೂ ಆಗಬಹುದೆಂದು 2019ರ ತಿದ್ದುಪಡಿ ಹೇಳುತ್ತದೆ.

ಕಮ್ಮಾರರ ತೀರ್ಮಾನ ಚಿಕ್ಕದಾಗಿತ್ತು: "ಪೂಜೆ ಮಾಡಿ. ಹೊಡೆಯಬೇಡಿ." ಕೂಲಿಯೆಂದು ಅವರು ತೆಗೆದುಕೊಂಡದ್ದು ಎಣ್ಣೆಯ ಕಾಸು ಮಾತ್ರ.

ಇದನ್ನು ತಾಯಿಯವರಿಗೆ ಹೇಳುವುದು ಹೇಗೆಂಬುದೇ ದಾರಿಯುದ್ದಕ್ಕೂ ಅಣ್ಣತಮ್ಮಂದಿರ ಚಿಂತೆಯಾಗಿತ್ತು. ಮನೆ ಮುಟ್ಟಿದ ಮೇಲೆ ತಮ್ಮನವರು ಏನೂ ಹೇಳದೆ ಆ ಡಬ್ಬಿಯ ಮುಚ್ಚಳವನ್ನು ಅವರ ಕೈಗಿತ್ತರು. ಆಕೆ ಬೆಳಕಿಗೆ ಹಿಡಿದು ಓದಿದರು. "ನಿಮ್ಮ ಅಜ್ಜ ಬೇರೆ ಯಾರನ್ನೂ ಇದಕ್ಕೆ ಮದ್ದು ತುಂಬಲು ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ನಿಮ್ಮಪ್ಪ ಇದನ್ನು ಒಂದು ಸಲವೂ ಹೊಡೆಯಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇರಲಿ, ಹೂ ಇಡೋಣ" ಎಂದರು.

ಸೆಪ್ಟೆಂಬರ್ 3ರಂದು ಕನ್ನಿಕೋಂಬರೆಯಲ್ಲಿ ಕತ್ತಿ, ನೇಗಿಲುಗಳ ಪಕ್ಕದಲ್ಲಿ ಹಳೆಯ ಕೋವಿಗೆ ಗಂಧವಿಟ್ಟು, ಬಾಯಿಗೆ ತೋಕ್‌ಪೂ ಸಿಕ್ಕಿಸಿದರು. ಹೂವನ್ನು ಈ ಸಲ ತೆಗೆಯಬೇಕಾಗಿರಲಿಲ್ಲ. ಮಧ್ಯಾಹ್ನ ಊರಿನ ಬಯಲಿನಲ್ಲಿ ತಮ್ಮನವರು ತಮ್ಮ ಜೋಡುನಳಿಗೆಯಿಂದ ತೆಂಗಿನಕಾಯಿಗೆ ಗುರಿಯಿಟ್ಟರು. ಮೊದಲ ಗುಂಡು ತಪ್ಪಿತು, ಎರಡನೆಯದಕ್ಕೆ ಕಾಯಿ ಒಡೆಯಿತು. ಜಗಲಿಯಲ್ಲಿ ಕುಳಿತಿದ್ದ ತಾಯಿಯವರು ಎರಡೂ ಸದ್ದುಗಳನ್ನು ಎಣಿಸಿಕೊಂಡರೆಂದು ನಮಗೆ ತೋರಿತು.

ತುರ್ಭೆಯ ಹಾಲಿನ ಗೋಡೆಗೆ ಕೋವಿ ಬರಲಿಲ್ಲ. ಕೋವಿಯ ಕಾಗದ ತಮ್ಮನವರ ಹೆಸರಿನಲ್ಲಿದೆ. ಅದಿರುವ ಸ್ಥಳವೂ ಅದೇ ಮನೆ. ಗೋಡೆಯ ಮೇಲೀಗ ಆ ಡಬ್ಬಿಯ ಮುಚ್ಚಳಕ್ಕೆ ಕಟ್ಟುಹಾಕಿಸಿ ತೂಗುಹಾಕಿದ್ದಾರೆ. ಮುಧೋಳದ ಮಿತ್ರರು ಬಂದಾಗಲೆಲ್ಲ ಅದನ್ನೊಮ್ಮೆ ನೋಡಿ, "ಓದಾಕ ಬರತಿತ್ತು ನಿಮ್ಮ ಅಜ್ಜಾಗ" ಎನ್ನುತ್ತಾರೆ.

ನಮ್ಮ ಹಿರಿಯರಲ್ಲಿ ಕೆಲವರಿಂದ ಆಯುಧ ಕಸಿದರು, ಕೆಲವರಿಗೆ ಬಿಟ್ಟರು. ಬಿಟ್ಟದ್ದನ್ನು ಇಷ್ಟು ಕಾಲ ಉಳಿಸಿಕೊಂಡದ್ದು ನಳಿಗೆಯಡಿಯ ಬರಹವನ್ನು ಓದಿ, ತುಂಬಬಾರದ್ದನ್ನು ತುಂಬದೆ ಇದ್ದವರು. ಊರಿನ ಅಟ್ಟದ ಮೇಲೆ ಇಂಥ ಕೋವಿಯುಳ್ಳ ಓದುಗ ಬಂಧುಗಳು ಮುಂದಿನ ಸಲ ಊರಿಗೆ ಹೋದಾಗ ಮೊದಲು ಅದರ ಕಾಗದಪತ್ರವನ್ನು, ಆಮೇಲೆ ಬಲ್ಲವರ ಕೈಯಿಂದ ಅದರ ನಳಿಗೆಯಡಿಯನ್ನು ನೋಡಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ತೋಟೆಯ ಮಾತು ಅಲ್ಲಿಂದಾಚೆಗೆ.